ಮಿತಿಯುಳ್ಳ ಸರ್ಕಾರ, ಮಾತುಳ್ಳ ಊರು
(ದತ್ತಿ ಉಪನ್ಯಾಸ)



ಡಿಸೆಂಬರ್ ಬಂತೆಂದರೆ ಪತ್ರಿಕೆಗಳು ವರ್ಷದ ಹಿನ್ನೋಟ ಬರೆಯುತ್ತವೆ. ಯಾರು ಗೆದ್ದರು, ಯಾರು ಬಿದ್ದರು, ಯಾರು ಪಕ್ಷ ಬಿಟ್ಟರು ಎಂಬ ಪಟ್ಟಿ ಅದರಲ್ಲಿ ತಪ್ಪುವುದಿಲ್ಲ. 2024 ಲೋಕಸಭೆಗೆ ಚುನಾವಣೆ ನಡೆದ ವರ್ಷವಾದ್ದರಿಂದ ಆ ಸಲ ಪಟ್ಟಿ ಇನ್ನಷ್ಟು ಉದ್ದವಿತ್ತು. ಅದರಲ್ಲಿ ಕಾಣದ ಒಂದು ಸಂಗತಿಯಿಂದ ನಾನು ಶುರು ಮಾಡುತ್ತೇನೆ. ಆ ವರ್ಷ ಪೂರ್ತಿ ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿಗಳಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ತಾಲ್ಲೂಕು ಪಂಚಾಯಿತಿಗಳಲ್ಲೂ ಇರಲಿಲ್ಲ. ಕೋಟಿಗೂ ಹೆಚ್ಚು ಜನ ಬದುಕುವ ಬೆಂಗಳೂರಿನ ಮಹಾನಗರ ಪಾಲಿಕೆಯಲ್ಲೂ ಇರಲಿಲ್ಲ. ಅದರ ಹಿಂದಿನ ವರ್ಷವೂ ಇದೇ ಕಥೆ, ಅದಕ್ಕೂ ಹಿಂದಿನ ವರ್ಷವೂ ಇದೇ. ಅದಕ್ಕೇ ಅದು ಸುದ್ದಿಯಾಗುವುದಿಲ್ಲ.

ಸರ್ಕಾರ ನಮ್ಮ ಬದುಕಿನೊಳಗೆ ಎಷ್ಟು ದೂರ ಬರಬೇಕು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ದೆಹಲಿ, ಬೆಂಗಳೂರುಗಳ ಮಟ್ಟದಲ್ಲಿ ಇಟ್ಟು ಚರ್ಚಿಸುತ್ತೇವೆ. ತೆರಿಗೆ ಹೆಚ್ಚೋ ಕಡಿಮೆಯೋ, ಸಬ್ಸಿಡಿ ಬೇಕೋ ಬೇಡವೋ ಎನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ನನಗೆ ಕಾಣುವ ಪ್ರಶ್ನೆ ಬೇರೆ. ಸರ್ಕಾರಕ್ಕೆ ಮಿತಿ ಇದೆ ಎಂದು ಸಂವಿಧಾನ ಹೇಳುತ್ತದೆ, ಸರಿ. ಆ ಮಿತಿಯನ್ನು ದಿನದಿನವೂ ನಿಂತು ಕಾಯುವವರು ಯಾರು? ನ್ಯಾಯಾಲಯಗಳಿವೆ, ಪತ್ರಿಕೆಗಳಿವೆ, ಆದರೆ ಅವು ಎಲ್ಲೋ ಒಮ್ಮೆ ಬಂದು ಹೋಗುತ್ತವೆ. ದಿನವೂ ಕಾಯಬಲ್ಲದ್ದು ಊರಿನ ಸಭೆ, ವಾರ್ಡಿನ ಸಭೆ. ಆ ಸಭೆಗೂ ಒಂದು ಮಿತಿ ಬೇಕು. ಅದನ್ನು ಕಾಯುವುದು ಸಂವಿಧಾನದ ಕೆಲಸ. ಊರು ಸರ್ಕಾರವನ್ನು ತಡೆಯಬೇಕು, ಸಂವಿಧಾನ ಊರನ್ನು ತಡೆಯಬೇಕು. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟದ್ದರಿಂದಲೇ ನಮ್ಮ ಸ್ಥಳೀಯ ರಾಜಕಾರಣ ಕುಂಟುತ್ತಿದೆ ಎಂಬುದು ನನ್ನ ಇಂದಿನ ಮಾತಿನ ಸಾರ.

ಬೆಳಗಾವಿಯ ನೂಲು

2024ರ ಡಿಸೆಂಬರಿಗೆ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿತು. 1924ರ ಡಿಸೆಂಬರ್ 26 ಮತ್ತು 27ರಂದು ನಡೆದ ಆ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯಲ್ಲಿ ಎದ್ದ ಶಿಬಿರಕ್ಕೆ ವಿಜಯನಗರ ಎಂದು ಹೆಸರಿಟ್ಟರು. ನೀರಿಗೆಂದು ತೋಡಿದ ಬಾವಿ ಪಂಪಾ ಸರೋವರವಾಯಿತು. ಇಂದಿಗೂ ಜನ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ಆಗ ಅಲ್ಲೇ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿತು.

ಶತಮಾನೋತ್ಸವದ ಸಂಭ್ರಮದಲ್ಲಿ ಆ ಅಧಿವೇಶನ ಅಂಗೀಕರಿಸಿದ ಒಂದು ನಿಯಮದ ಮಾತು ಅಷ್ಟಾಗಿ ಕೇಳಿಸಲಿಲ್ಲ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕು ಎಂಬ ನಿಯಮ ಅದು. ರಾಜಕೀಯ ಮಾಡುವವನು ಕೇಳುವ ಮೊದಲು ಕೊಡಬೇಕು, ಅದೂ ಕೈಯಾರೆ ದುಡಿದು ಕೊಡಬೇಕು ಎಂಬುದು ಗಾಂಧಿಯ ಆಶಯ. ಸರ್ಕಾರದ ಮೇಲಿನ ಅವಲಂಬನೆ ಕಡಿಮೆಯಾದಷ್ಟೂ ಜನ ಸ್ವತಂತ್ರರು ಎಂದು ನಂಬಿದ್ದ ಮನುಷ್ಯನಿಗೆ ಇದು ಸಹಜವಾದ ನಿಯಮ. ಆದರೆ ಆಮೇಲೆ ಆದದ್ದೇನು? ತಾನೇ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಕೊಡಬಹುದೆಂಬ ಸಂದು ಆ ನಿಯಮದಲ್ಲೇ ಇತ್ತು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ನಾಲ್ಕಾಣೆ ಕೊಟ್ಟರೂ ಸಾಕು ಎಂದು ಸಡಿಲಿಸಿತು.

ಈ ಪ್ರಸಂಗದಿಂದ ನಾವು ತಿಳಿಯಬೇಕಾದದ್ದು ಎರಡಿದೆ. ದುಡಿಮೆಯ ಪಾಲಿಲ್ಲದ ಸದಸ್ಯತ್ವ ಬರೀ ಹೆಸರು ಎಂಬುದು ಒಂದು. ಆ ಪಾಲನ್ನು ಮೇಲಿನಿಂದ ನಿಯಮ ಮಾಡಿ ಪಡೆಯಲಾಗದು ಎಂಬುದು ಇನ್ನೊಂದು. ಗಾಂಧಿಯಂಥವರು ಅಧ್ಯಕ್ಷರಾಗಿದ್ದಾಗಲೇ ಆಗದ್ದು, ಸುತ್ತೋಲೆ ಹೊರಡಿಸುವ ಇಲಾಖೆಯಿಂದ ಆದೀತೆ? ಸಮುದಾಯದ ಬದುಕನ್ನು ಆದೇಶದಿಂದ ಹುಟ್ಟಿಸಲಾಗದು. ಹುಟ್ಟಿದ್ದನ್ನು ಕೊಲ್ಲದೆ ಇರುವುದು ಮಾತ್ರ ಸರ್ಕಾರದ ಕೈಯಲ್ಲಿದೆ.

ಕರ್ನಾಟಕ ಒಮ್ಮೆ ಮುಂದಿತ್ತು

ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಅದಕ್ಕೆ ಅಧಿಕಾರವಿರಲಿಲ್ಲ, ಅಹವಾಲು ಹೇಳುವ ಅವಕಾಶವಿತ್ತು. ಅಹವಾಲಿನಿಂದ ಅಧಿಕಾರದವರೆಗಿನ ದಾರಿ ಬಲು ದೂರದ್ದು. ಅದರಲ್ಲಿ ಒಂದು ದೊಡ್ಡ ಹೆಜ್ಜೆಯನ್ನು ಇಟ್ಟದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿ ರೂಪಿಸಿದ 1983ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು ಹುಟ್ಟಿದವು. ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ. ಇದು ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲಿನ ಮಾತು.

ಊರೂರಿಗೆ ಕೊಳವೆ ಬಾವಿ ಕೊರೆಸಿ ನೀರ್ ಸಾಬ್ ಎನಿಸಿಕೊಂಡ ನಜೀರ್ ಸಾಬರನ್ನು ನಾವು ನೀರಿಗಾಗಿಯೇ ಹೆಚ್ಚು ನೆನೆಯುತ್ತೇವೆ. ಅವರ ನಿಜವಾದ ಧೈರ್ಯ ಬೇರೆ ಕಡೆ ಇತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಕೃಷಿ, ಪಶುಪಾಲನೆಯ ಇಲಾಖೆಗಳು, ಅವುಗಳ ಸಿಬ್ಬಂದಿ ಮತ್ತು ಹಣ, ಎಲ್ಲ ಪರಿಷತ್ತಿನ ಸುಪರ್ದಿಗೆ. ಅಂದರೆ ಸರ್ಕಾರ ತನ್ನ ಅಧಿಕಾರವನ್ನು ತಾನೇ ಕಡಿಮೆ ಮಾಡಿಕೊಂಡಿತು. ಅಧಿಕಾರದಲ್ಲಿರುವವರು ಅಧಿಕಾರ ಬಿಟ್ಟುಕೊಡುವುದು ರಾಜಕಾರಣದಲ್ಲಿ ಅಪರೂಪ. ಮೇಷ್ಟ್ರು ಶಾಲೆಗೆ, ಡಾಕ್ಟರು ಆಸ್ಪತ್ರೆಗೆ ಸರಿಯಾಗಿ ಬರತೊಡಗಿದರು ಎಂದು ಆ ಕಾಲದ ಪರಿಶೀಲನೆಗಳು ಹೇಳಿದವು. ಕಾರಣ ಸರಳ. ಕೇಳುವವನು ಬೆಂಗಳೂರಿನಿಂದ ಬರಬೇಕಾಗಿರಲಿಲ್ಲ, ಪಕ್ಕದ ಬೀದಿಯಲ್ಲೇ ಇದ್ದ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪರಿಷತ್ತುಗಳ ಅವಧಿ 1992ರ ಆರಂಭದಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಮರುವರ್ಷ ಹೊಸ ಕಾಯ್ದೆ ಬಂತು, ಮೂರು ಹಂತದ ವ್ಯವಸ್ಥೆ ಬಂತು. ಆದರೆ 1987ರ ಆ ತೂಕ ಮತ್ತೆ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿ ಪೂರ್ತಿ ಒಪ್ಪುತ್ತದೆ. ಸಂವಿಧಾನ ವರ ಕೊಟ್ಟಿತು, ವಿಧಾನಸೌಧ ಗರ್ಭಗುಡಿಯ ಬಾಗಿಲು ಹಾಕಿಕೊಂಡಿತು.

ಖಾಲಿ ಕುರ್ಚಿಗಳು

ಸಂವಿಧಾನದ 243ಇ ವಿಧಿ ತುಂಬ ಸ್ಪಷ್ಟವಾಗಿದೆ. ಪಂಚಾಯಿತಿಯ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ನಗರಗಳಿಗೆ 243ಯು ವಿಧಿ ಇದೇ ಮಾತನ್ನು ಹೇಳುತ್ತದೆ. ಯಾವ ನೆಪಕ್ಕೂ ಈ ಗಡುವನ್ನು ಮೀರಬಾರದೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿದೆ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕಡೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದು 2020ರ ಸೆಪ್ಟೆಂಬರಿಗೆ ಅವಧಿ ತೀರಿತು.

ಇದು ಹೇಗಾಯಿತು ಎಂದು ನೋಡಿದರೆ ಎಲ್ಲ ಹೆಜ್ಜೆಗೂ ಒಂದೊಂದು ಕಾರಣ ಸಿಗುತ್ತದೆ. ಮೊದಲು ಕೋವಿಡ್. ಆಮೇಲೆ ಕ್ಷೇತ್ರ ಮರುವಿಂಗಡಣೆ. ಆ ಕೆಲಸವನ್ನೂ ಮೀಸಲಾತಿ ನಿಗದಿಯನ್ನೂ 2021ರ ತಿದ್ದುಪಡಿ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಸರ್ಕಾರವೇ ನೇಮಿಸುವ ಬೇರೊಂದು ಆಯೋಗಕ್ಕೆ ಕೊಟ್ಟಿತು. ಅಷ್ಟರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ವಿಧಿಸಿದ ಮೂರು ಹಂತದ ಪರೀಕ್ಷೆ ಬಂತು, ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು. ಹೈಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬಿತ್ತು. ವಿಳಂಬಕ್ಕಾಗಿ 2022ರಲ್ಲಿ ಸರ್ಕಾರಕ್ಕೆ ದಂಡವೂ ಬಿತ್ತು. ಈ ನಡುವೆ ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಎರಡು ಪಕ್ಷಗಳಿಗೆ ಈ ಒಂದರಲ್ಲಿ ಒಮ್ಮತವಿದೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಕಾರಣಗಳೂ ಸರಿಯೆನಿಸಬಹುದು. ಒಟ್ಟಾಗಿ ನೋಡಿದರೆ ಅವು ಒಂದು ಇಚ್ಛೆಯಂತೆ ಕಾಣುತ್ತವೆ.

ಯಾರ ಇಚ್ಛೆ? ಶಾಸಕರ ಸ್ಥಾನವನ್ನು ಸ್ವಲ್ಪ ಗಮನಿಸಿ. ಶಾಸನ ಮಾಡಲೆಂದು ಆರಿಸಿ ಕಳಿಸಿದ ವ್ಯಕ್ತಿಗೆ ವರ್ಷಕ್ಕೆ ಎರಡು ಕೋಟಿ ರೂಪಾಯಿಯ ಕ್ಷೇತ್ರಾಭಿವೃದ್ಧಿ ನಿಧಿ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಅವರೇ ಅಧ್ಯಕ್ಷರು. ಪಟ್ಟಣದಲ್ಲಿ ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ ಅಧ್ಯಕ್ಷರು. ಚರಂಡಿಯ ಗುದ್ದಲಿ ಪೂಜೆಗೂ ಅವರೇ ಬೇಕು. ತಾಲ್ಲೂಕು ಪಂಚಾಯಿತಿಯಲ್ಲಿ ಚುನಾಯಿತ ಸದಸ್ಯರಿಲ್ಲದಿದ್ದರೆ ತಾಲ್ಲೂಕಿಗೆ ಒಬ್ಬರೇ ಯಜಮಾನರು. ಇದರ ಜೊತೆಗೆ 2024ರಲ್ಲಿ ಗ್ಯಾರಂಟಿ ಯೋಜನೆಗಳ ಅನುಷ್ಠಾನಕ್ಕೆಂದು ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳು ಬಂದವು. ಸರ್ಕಾರ ಆರಿಸಿದವರು ಅವುಗಳ ಅಧ್ಯಕ್ಷರಾದರು. ಚುನಾಯಿತರ ಕುರ್ಚಿ ಖಾಲಿ, ನಾಮನಿರ್ದೇಶಿತರ ಕುರ್ಚಿ ಭರ್ತಿ. ಮುಂದೆ ಬೇರೆ ಪಕ್ಷ ಬಂದರೂ ಅವರ ಜನ ಅದೇ ಕುರ್ಚಿಯಲ್ಲಿ ಕುಳಿತಾರು.

ಇದಕ್ಕೆ ನಾವು ತೆರುವ ಬೆಲೆ ತತ್ತ್ವದಲ್ಲಿ ಮಾತ್ರವಲ್ಲ, ಹಣದಲ್ಲೂ ಇದೆ. ಹದಿನೈದನೇ ಹಣಕಾಸು ಆಯೋಗದ (2021–26) ಅನುದಾನ ಚುನಾಯಿತ ಸಂಸ್ಥೆಗಳಿಗಷ್ಟೇ ಸಲ್ಲುತ್ತಿತ್ತು. ಚುನಾವಣೆ ನಡೆಸದ ರಾಜ್ಯ ತನ್ನ ಜಿಲ್ಲೆ, ತಾಲ್ಲೂಕುಗಳ ಪಾಲನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತದೆ.

ಗ್ರಾಮ ಸಭೆ ಎಂಬ ಕಾವಲು

ಇಷ್ಟರ ನಡುವೆಯೂ ಉಳಿದದ್ದು ಗ್ರಾಮ ಪಂಚಾಯಿತಿ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳು, ಅವುಗಳಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಸದಸ್ಯ ಸ್ಥಾನಗಳು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸ್ಥಳೀಯ ಸಂಸ್ಥೆಗಳಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುವ ಚುನಾವಣೆ ಇದೊಂದೇ. ಮನೆ ಮನೆಗೆ ಪಕ್ಷ ಗೊತ್ತಿರುತ್ತದೆ ಎನ್ನುವುದು ಬೇರೆ ಮಾತು. ನಲ್ಲಿಯಲ್ಲಿ ನೀರು, ಬೀದಿಯಲ್ಲಿ ದೀಪ, ಚರಂಡಿ, ಇ-ಸ್ವತ್ತು, ಉದ್ಯೋಗ ಖಾತರಿಯ ಜಾಬ್ ಕಾರ್ಡು, ಓದುವ ಮಕ್ಕಳಿಗೆ ಅರಿವು ಕೇಂದ್ರ, ಹೀಗೆ ಬದುಕಿಗೆ ತೀರ ಹತ್ತಿರದ ಕೆಲಸಗಳೆಲ್ಲ ಇಲ್ಲಿವೆ.

ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ಸೇರಬೇಕು. ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಗ್ರಾಮ ಸಭೆಗೆ ಕೋರಂ. ಗ್ರಾಮ ಸಭೆಯೆಂದರೆ ಊರಿನ ಮತದಾರರೆಲ್ಲ ಅದರ ಸದಸ್ಯರು. ವಿಧಾನಸಭೆಗೆ ನಾವು ಯಾರನ್ನೋ ಕಳಿಸುತ್ತೇವೆ. ಗ್ರಾಮ ಸಭೆಗೆ ನಾವೇ ಹೋಗುತ್ತೇವೆ. ಪ್ರತಿನಿಧಿಯಿಲ್ಲದೆ ಪ್ರಜೆಯೇ ಕೂತು ಮಾತಾಡುವ ಜಾಗವನ್ನು ನಮ್ಮ ಕಾನೂನು ಹೀಗೆ ಸ್ಪಷ್ಟವಾಗಿ ಗುರುತಿಸಿದೆ. ವರ್ಷಕ್ಕೊಮ್ಮೆ, ಆಗಸ್ಟ್-ಸೆಪ್ಟೆಂಬರಿನಲ್ಲಿ, ಪಂಚಾಯಿತಿಯ ಲೆಕ್ಕವನ್ನು ಊರ ಮುಂದೆ ಬಿಚ್ಚಿಡುವ ಜಮಾಬಂದಿ ಇದೆ. ಖರ್ಚಿನ ವಿವರ ಓದಬೇಕು, ಕಾಮಗಾರಿ ನಡೆದ ಜಾಗಕ್ಕೆ ಹೋಗಿ ನೋಡಬೇಕು. ಸರ್ಕಾರದ ಮಿತಿ ಎಂಬ ದೊಡ್ಡ ವಿಚಾರ ನೆಲಕ್ಕಿಳಿದರೆ ಹೀಗೆ ಕಾಣುತ್ತದೆ. ಹಾಕಿದ ಸಿ.ಸಿ. ರಸ್ತೆ ಎಷ್ಟು ಉದ್ದ, ಬಿಲ್ಲು ಎಷ್ಟು ಉದ್ದಕ್ಕೆ ಎಂದು ಟೇಪು ಹಿಡಿದು ಕೇಳುವ ಹಕ್ಕು ಅದು.

ನಡೆಯುವುದೇ ಬೇರೆ ಎಂದು ನಿಮ್ಮಲ್ಲಿ ಹಲವರು ಈಗ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ, ನನಗೂ ಗೊತ್ತು. ಸಭೆ ಸೇರದಿದ್ದರೂ ಹಾಜರಿ ಪುಸ್ತಕ ಮನೆ ಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ತರುತ್ತದೆ. ಕ್ರಿಯಾ ಯೋಜನೆ ಮೊದಲೇ ಸಿದ್ಧವಾಗಿ ನಡಾವಳಿ ಆಮೇಲೆ ಹುಟ್ಟುತ್ತದೆ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಓದುವ ದಿನ ಚಾವಡಿ ತುಂಬುತ್ತದೆ. ಉಳಿದ ದಿನ ನೋಡಲ್ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ನಾಲ್ಕು ಜನ ಸದಸ್ಯರು. ಜನ ಬರುವುದಿಲ್ಲ ಎಂದು ಅಧಿಕಾರಿಗಳು ದೂರುತ್ತಾರೆ. ಬಂದು ಹೇಳಿದ ಯಾವ ಮಾತು ಜಾರಿಗೆ ಬಂತು ಎಂದು ಜನ ಕೇಳುತ್ತಾರೆ. ಇಬ್ಬರ ಮಾತೂ ನಿಜ, ಮತ್ತು ಎರಡಕ್ಕೂ ಕಾರಣ ಒಂದೇ. ಪಂಚಾಯಿತಿಗೆ ಬರುವ ಹಣದ ಹೆಚ್ಚಿನ ಪಾಲು ಬರುವಾಗಲೇ ಹಣೆಯ ಮೇಲೆ ಬರೆಸಿಕೊಂಡು ಬರುತ್ತದೆ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಪಂಪಿನ ಮತ್ತು ಬೀದಿದೀಪದ ಕರೆಂಟು ಬಿಲ್ಲು ಬೇರೆ ಬಾಯಿ ತೆರೆದು ಕೂತಿರುತ್ತದೆ. ನಿರ್ಧರಿಸಲು ಏನೂ ಉಳಿಯದ ಸಭೆಗೆ ಕೂಲಿ ಬಿಟ್ಟು ಯಾರು ಬರುತ್ತಾರೆ?

ಅದಕ್ಕೇ ಮನೆ ಕಂದಾಯವನ್ನು ನಾನು ಸಣ್ಣ ವಿಷಯ ಎನ್ನುವುದಿಲ್ಲ. ಊರಿನವರು ಕೊಟ್ಟ ಕಂದಾಯಕ್ಕೆ ಮೇಲಿನ ಷರತ್ತು ಕಡಿಮೆ. ಅದರ ಹೆಚ್ಚಿನ ಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ಊರೇ ಹೇಳಬಹುದು. ಕಂದಾಯ ಕೊಟ್ಟವನು ಲೆಕ್ಕ ಕೇಳುತ್ತಾನೆ, ಕೊಡದವನು ಸುಮ್ಮನಿರುತ್ತಾನೆ. ಮತ ಕಳೆದುಕೊಳ್ಳುವ ಭಯದಿಂದ ವಸೂಲಿ ಮಾಡದ ಸದಸ್ಯ ತನ್ನ ಪಂಚಾಯಿತಿಯ ಸ್ವಾತಂತ್ರ್ಯವನ್ನೇ ಬಿಟ್ಟುಕೊಡುತ್ತಾನೆ.

ಒಂದು ಸಂಗತಿ ಮಾತ್ರ ನನಗೆ ಭರವಸೆ ಕೊಡುತ್ತದೆ. 1990ರ ದಶಕದಲ್ಲಿ ಕುಂದಾಪುರದ ಸುತ್ತ ಮಕ್ಕಳ ಪಂಚಾಯಿತಿಯ ಪ್ರಯೋಗ ಶುರುವಾಯಿತು. ಈಗ ರಾಜ್ಯದಾದ್ಯಂತ ಮಕ್ಕಳ ಗ್ರಾಮ ಸಭೆಗಳು ನಡೆಯುತ್ತಿವೆ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯ ಪಕ್ಕದಲ್ಲೇ ಮದ್ಯ ಮಾರುತ್ತಾರೆ ಎಂದು ಮೈಕು ಹಿಡಿದು ಹೇಳಲು ಆ ಮಕ್ಕಳಿಗೆ ಯಾವ ಪಕ್ಷದ ಹಂಗೂ ಇಲ್ಲ. ದೊಡ್ಡವರ ಸಭೆಯಲ್ಲಿ ಇಲ್ಲದ ನೇರವಂತಿಕೆ ಅಲ್ಲಿದೆ.

ಊರನ್ನು ಹೊಗಳುವ ಮುನ್ನ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಹಳ್ಳಿಯ ಬಗ್ಗೆ ಬಹಳ ಕಟುವಾಗಿ ಮಾತಾಡಿದರು. ಸಂಕುಚಿತತೆ, ಅಜ್ಞಾನ, ಕೋಮುಭಾವನೆಗಳ ನೆಲೆಯೆಂದು ಹಳ್ಳಿಯನ್ನು ಕಂಡ ಅವರು, ಹಳ್ಳಿಯ ಬದಲು ವ್ಯಕ್ತಿಯನ್ನು ಸಂವಿಧಾನದ ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು. ಹಲವು ಸದಸ್ಯರಿಗೆ ಇದು ರುಚಿಸಲಿಲ್ಲ. ಅದೇ ತಿಂಗಳ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯಿಂದ ಗ್ರಾಮ ಪಂಚಾಯಿತಿಯ ಮಾತು ಇಂದಿನ 40ನೇ ವಿಧಿಯಾಗಿ ಸಂವಿಧಾನಕ್ಕೆ ಸೇರಿತು. ಅದಕ್ಕೆ ಅಂಬೇಡ್ಕರ್ ಅಡ್ಡಿ ಬರಲಿಲ್ಲ. ಗಾಂಧಿ ಬೇಕೋ ಅಂಬೇಡ್ಕರ್ ಬೇಕೋ ಎಂದು ನಾವು ಇನ್ನೂ ಜಗಳವಾಡುತ್ತಿದ್ದೇವೆ. ಸಂವಿಧಾನ ಇಬ್ಬರನ್ನೂ ಒಂದೇ ಹೊದಿಕೆಯೊಳಗೆ ಇಟ್ಟುಕೊಂಡಿದೆ.

ನಮ್ಮ ಕೆರೆಗಳ ಕಥೆಯನ್ನೇ ನೋಡಿ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆಗದ್ದೆಗೂ ಸರದಿಯಂತೆ ನೀರು ಹಾಯಿಸುವವನು ನೀರಗಂಟಿ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ. ಏರಿಯಲ್ಲಿ ಬಿರುಕು ಬಿಟ್ಟರೆ ಊರೇ ಸೇರಿ ಮಣ್ಣು ಹಾಕುತ್ತಿತ್ತು. ಸರ್ಕಾರದ ಹಂಗಿಲ್ಲದ ಸಮುದಾಯ ಜೀವನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ ಎಂದು ಕೇಳುವವರಿದ್ದಾರೆ. ಆದರೆ ಬಹಳ ಕಡೆ ಆ ನೀರಗಂಟಿ ದಲಿತ. ಊರಿನ ಗದ್ದೆಗೆಲ್ಲ ನೀರು ಹಂಚುವ ಕೈಗೆ ಊರ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಆ ಕೆಲಸ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಅಂಥ ಎಷ್ಟೋ ಜನರಿಗೆ ಬಿಡುಗಡೆ ತಂದಿತು. ಅದು ಸರ್ಕಾರವೇ ಮಾಡಬೇಕಾಗಿದ್ದ ಕೆಲಸ. ಊರು ತಾನಾಗಿ ಮಾಡುತ್ತಿರಲಿಲ್ಲ.

ಸರ್ಕಾರ ಬಿಡುಗಡೆ ತಂದಿತು, ಆದರೆ ಕಾಲಕ್ರಮದಲ್ಲಿ ಕೆರೆಯನ್ನೂ ಒಯ್ದಿತು. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಗೆ ಎಂದು ಭಾಗವಾಯಿತು. ಹೂಳು ತುಂಬಿದಾಗ ಇದು ನಮ್ಮದಲ್ಲ ಎನ್ನಲು ಎಲ್ಲರಿಗೂ ಕಡತ ಸಿಕ್ಕಿತು. ಸಮಾನತೆಯನ್ನು ಕಾನೂನು ಕೊಡಬೇಕು, ಕೆರೆಯನ್ನು ಊರೇ ನೋಡಿಕೊಳ್ಳಬೇಕು ಎಂಬ ಎರಡೂ ಒಟ್ಟಿಗೆ ಸಾಧ್ಯವಿತ್ತು. ನಾವು ಮೊದಲನೆಯದನ್ನು ಅರ್ಧ ಮಾಡಿ, ಎರಡನೆಯದನ್ನು ಪೂರ್ತಿ ಬಿಟ್ಟೆವು.

ಊರಿನ ಒಮ್ಮತ ಎಂಬುದನ್ನೂ ಸಂದೇಹದಿಂದಲೇ ನೋಡಬೇಕು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದವು. ಹೆಚ್ಚು ಕೂಗಿದವನಿಗೆ ಸ್ಥಾನ, ಹಣ ದೇವಸ್ಥಾನಕ್ಕೆ, ಉಳಿದವರ ನಾಮಪತ್ರ ವಾಪಸ್, ಅವಿರೋಧ ಆಯ್ಕೆ. ಹೊರಗಿನಿಂದ ನೋಡಿದರೆ ಜಗಳವಿಲ್ಲದ ಊರು, ದೇವರ ಕೆಲಸಕ್ಕೆ ದುಡ್ಡು. ಒಳಗೆ ನೋಡಿದರೆ ಬಡವನ ಮತ ಮಾರಾಟವಾದದ್ದು ಅವನನ್ನು ಕೇಳದೆ. ಇಂಥವರ ಮೇಲೆ ಕ್ರಮ ಜರುಗಿಸುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಊರಿಗೆ ಮಿತಿ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಇದೇ ಕಾರಣಕ್ಕೆ ನೇರವಾಗಿ ಖಾತೆಗೆ ಬರುವ ಹಣವನ್ನು ಹಳಿಯುವ ಗುಂಪಿಗೆ ನಾನು ಸೇರುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಪಡೆಯಲು ಒಬ್ಬ ಹೆಂಗಸು 'ಗೌಡ್ರೇ, ನಮ್ಮ ಹೆಸರು ಬರೆಸ್ರಿ' ಎಂದು ಯಾರ ಜಗಲಿಯ ಮುಂದೆಯೂ ನಿಲ್ಲಬೇಕಾಗಿಲ್ಲ. ಕೆಲವೊಮ್ಮೆ ದೂರದ ಸರ್ಕಾರ ಹತ್ತಿರದ ಯಜಮಾನನಿಂದ ಕಾಪಾಡುತ್ತದೆ. ಆದರೆ ಖಾತೆಗೆ ಹಣ ಹಾಕಿ ಊರಿನ ಚರಂಡಿ ಕಟ್ಟಲಾಗದು, ಶಾಲೆಗೆ ಮೇಷ್ಟ್ರನ್ನು ತರಲಾಗದು. ಒಬ್ಬೊಬ್ಬರಿಗೆ ಸಲ್ಲಬೇಕಾದದ್ದು ಒಬ್ಬೊಬ್ಬರಿಗೆ ಸಲ್ಲಲಿ. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಕೂತು ನಿರ್ಧರಿಸಲಿ.

ಅಣೆಕಟ್ಟಿನ ಗೇಟು ಮತ್ತು ಬೀದಿಯ ನಲ್ಲಿ

ಮಿತಿಯುಳ್ಳ ಸರ್ಕಾರ ಎಂದರೆ ಕೈಕಟ್ಟಿ ಕೂತ ಸರ್ಕಾರವಲ್ಲ. 2024ರ ಎರಡು ಘಟನೆಗಳನ್ನು ಎದುರುಬದುರು ಇಟ್ಟು ನೋಡೋಣ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯ ಖಾಲಿಯಾಗುವ ಭಯ. ಬಳ್ಳಾರಿ, ರಾಯಚೂರು, ಕೊಪ್ಪಳದ ಭತ್ತದ ರೈತರಿಗೆ ನಿದ್ದೆಯಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಇಂಥ ಕೆಲಸಕ್ಕೆ ಎಂಜಿನಿಯರುಗಳು ಬೇಕು, ಅಂತರರಾಜ್ಯ ಮಂಡಳಿ ಬೇಕು, ದೊಡ್ಡ ಖಜಾನೆ ಬೇಕು. ಗ್ರಾಮ ಸಭೆಯ ಠರಾವಿನಿಂದ ಗೇಟು ಕೂರುವುದಿಲ್ಲ.

ಇನ್ನೊಂದು ಮಾರ್ಚ್ ತಿಂಗಳ ಬೆಂಗಳೂರು. ಕೊಳವೆ ಬಾವಿಗಳು ಬತ್ತಿದವು, ಟ್ಯಾಂಕರ್ ದರ ಗಗನಕ್ಕೇರಿತು, ಜಿಲ್ಲಾಡಳಿತ ದರ ನಿಗದಿ ಮಾಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಹೆಚ್ಚು ನರಳಿದ್ದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಜನ. ಅವರಿಗಾಗಿ ಕಾವೇರಿ ಐದನೇ ಹಂತ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು; ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ದೊಡ್ಡ ಕೆಲಸ, ಅದನ್ನೂ ಸರ್ಕಾರವೇ ಮಾಡಬೇಕು. ಆದರೆ ಮಾರ್ಚಿನಲ್ಲಿ ಯಾವ ಬೀದಿಗೆ ಟ್ಯಾಂಕರ್ ಮೊದಲು ಹೋಗಬೇಕು, ಯಾವ ಕೊಳವೆ ಬಾವಿಯನ್ನು ಇನ್ನಷ್ಟು ಆಳ ಕೊರೆಸಬೇಕು ಎಂಬುದನ್ನು ಬಲ್ಲವರು ವಾರ್ಡಿನ ಕಾರ್ಪೊರೇಟರ್. ಬಾಗಿಲು ಬಡಿಯೋಣವೆಂದರೆ ಅವರೇ ಇರಲಿಲ್ಲ. ಅನುಕೂಲಸ್ಥರು ಅಪಾರ್ಟ್‌ಮೆಂಟಿನ ಸಂಘ ಕಟ್ಟಿಕೊಂಡು ಟ್ಯಾಂಕರ್ ತರಿಸಿಕೊಂಡರು. ವಠಾರದವರಿಗೆ ಕೊಡವೇ ಗತಿಯಾಯಿತು. ಚುನಾಯಿತ ಸಭೆಯಿಲ್ಲದ ಕಡೆ ಸಮುದಾಯ ಜೀವನ ಉಳ್ಳವರ ಸಂಘವಾಗಿ ಕುಗ್ಗುತ್ತದೆ. ಬೆಂಗಳೂರಿನ ಕೆರೆ ಉಳಿಸುವ ಗುಂಪುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಪಾರ್ಟ್‌ಮೆಂಟಿನ ಗೇಟಿನ ಒಳಗಿನವರೂ ಹೊರಗಿನವರೂ ಸಮನಾಗಿ ಕೂರುವ ಜಾಗವನ್ನು ಅವು ತುಂಬಲಾರವು.

2024ರ ಜುಲೈನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಮಂಡನೆಯಾಗಿ ಜಂಟಿ ಸದನ ಸಮಿತಿಯ ಮುಂದೆ ಹೋಯಿತು. ನಗರವನ್ನು ಎಷ್ಟು ಪಾಲಿಕೆಯಾಗಿ ಒಡೆಯಬೇಕು ಎಂಬ ಚರ್ಚೆ ನಡೆಯಿತು. ಎಷ್ಟು ಪಾಲು ಮಾಡಿದರೂ ಸರಿ, ಅಲ್ಲಿ ಕೂರುವವರನ್ನು ಜನ ಯಾವಾಗ ಆರಿಸುತ್ತಾರೆ ಎಂಬುದು ನನ್ನ ಪ್ರಶ್ನೆ.

ಇನ್ನು ಮುಂದೆ

ಹಾಗಾದರೆ ಆಗಬೇಕಾದದ್ದೇನು? ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿಗಳು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಬೇಕು. ಪಂದ್ಯ ಯಾವಾಗ ಎಂದು ಆಟಗಾರನೇ ಹೇಳುವ ಪದ್ಧತಿ ನಿಲ್ಲಬೇಕು. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ನಾಮನಿರ್ದೇಶಿತ ಸಮಿತಿಗಳು ಮಾಡುತ್ತಿರುವ ಕೆಲಸ ಚುನಾಯಿತ ಪಂಚಾಯಿತಿಗೆ ಸೇರಬೇಕು. ಪಂಚಾಯಿತಿಗೆ ಷರತ್ತಿಲ್ಲದ ಹಣ ಹೆಚ್ಚಬೇಕು, ಅದರ ಜೊತೆಗೆ ಪಂಚಾಯಿತಿ ತನ್ನ ಕಂದಾಯವನ್ನು ಅಂಜದೆ ವಸೂಲಿ ಮಾಡಬೇಕು. ಗ್ರಾಮ ಸಭೆಯ ನಡಾವಳಿಯ ಪ್ರತಿ ಕೇಳಿದವರಿಗೆಲ್ಲ ಸಿಗಬೇಕು. ಹಿಂದಿನ ಸಭೆಯ ಠರಾವು ಏನಾಯಿತು ಎಂದು ಓದಿದ ಮೇಲೇ ಹೊಸ ಸಭೆ ಶುರುವಾಗಬೇಕು. ಇವೆಲ್ಲ ಕಾನೂನಿನ ಮಾತು.

ಕಾನೂನಿಗೆ ಬಾರದ ಮಾತೂ ಒಂದಿದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಸಹಕಾರ ಸಂಘಗಳ ಕಾಯ್ದೆ ಬಂದಿತ್ತು. ಸರ್ಕಾರ ಕೊಟ್ಟದ್ದು ಕಾಯ್ದೆಯ ಚೌಕಟ್ಟು ಮಾತ್ರ. ಅದರೊಳಗೆ ಜೀವ ತುಂಬಿದ್ದು ಊರಿನವರು. ಇವತ್ತು ಬೆಳಗ್ಗೆ ಸಾವಿರಾರು ಊರುಗಳ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೂ ಅದೇ ದಾರಿಯ ಮುಂದುವರಿಕೆ. ಕೊಬ್ಬಿನಂಶ ಅಳೆದು ಹಣ ಕೊಡುವ ಜಾಗದಲ್ಲಿ ಜಾತಿ ಕೇಳುವುದು ಕಷ್ಟ. ಊರು ಸೇರಲು ಕಾರಣ ಬೇಕು, ಸೇರಿದವರಿಗೆ ಅಧಿಕಾರ ಬೇಕು, ಅಧಿಕಾರಕ್ಕೆ ಲೆಕ್ಕ ಬೇಕು. ಗ್ರಾಮ ಸಭೆಗೆ ಈಗ ಇಲ್ಲದ್ದು ಈ ಮೂರೂ.

2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳಿಗೂ ಇದೇ ಐದು ವರ್ಷದ ಮಿತಿ. ಮೇಲಿನ ಎರಡು ಹಂತಕ್ಕೆ ಆದದ್ದು ಇವಕ್ಕೂ ಆದರೆ, ರಾಜ್ಯದ ಹಳ್ಳಿಗಳಿಗೂ ವಿಧಾನಸೌಧಕ್ಕೂ ನಡುವೆ ಜನ ಆರಿಸಿದ ಒಬ್ಬರೂ ಉಳಿಯುವುದಿಲ್ಲ. ಅವಧಿ ಮುಗಿದ ಮೇಲೆ ಕೋರ್ಟಿಗೆ ಹೋಗುವುದಕ್ಕಿಂತ, ಮುಗಿಯುವ ಮೊದಲೇ ಚುನಾವಣೆಯ ದಿನಾಂಕ ಕೇಳುವುದು ಒಳ್ಳೆಯದು. ಗ್ರಾಮ ಸಭೆಗಳಲ್ಲೆಲ್ಲ ಇದೊಂದು ಠರಾವು ದಾಖಲಾಗಲಿ: ನಮ್ಮ ಪಂಚಾಯಿತಿಯ ಅವಧಿ ಇಂಥ ದಿನ ಮುಗಿಯುತ್ತದೆ, ಅದಕ್ಕೆ ಮೊದಲು ಚುನಾವಣೆ ನಡೆಯಬೇಕು. ಅದಕ್ಕೆ ಕೋರಂ ಸೇರಿಸುವ ಹೊಣೆ ನಿಮ್ಮದು, ನನ್ನದು. ಈ ಉಪನ್ಯಾಸ ಏರ್ಪಡಿಸಿದ ಸಾಹಿತ್ಯ ಸಂಘಕ್ಕೂ ಪಂಚಾಯಿತಿಗೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ಎದ್ದು ನಿಂತು ತನ್ನ ಮಾತನ್ನು ಪೂರ್ತಿ ಹೇಳುವುದನ್ನು, ಎದುರಿನವನ ಮಾತನ್ನು ಪೂರ್ತಿ ಕೇಳುವುದನ್ನು ಇಂಥ ಸಂಘಗಳಲ್ಲೇ ನಾವು ಕಲಿತದ್ದು. ಕಲಿತದ್ದನ್ನು ಬಳಸಬೇಕಾದ ಜಾಗ ಗ್ರಾಮ ಸಭೆ.